ಎಲ್ಲರಿಗೂ ಸಾಕಾಗದ ಲಸಿಕೆ, ಔಷಧ: ಹಂಚಿಕೆ ಪದ್ಧತಿಗಳ ವಿಮರ್ಶೆ

ಸಾಂಕ್ರಾಮಿಕ ಹಬ್ಬಿದ ಮೊದಲ ತಿಂಗಳುಗಳಲ್ಲಿ ಲಸಿಕೆಯಾಗಲಿ ಔಷಧವಾಗಲಿ ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ. ಇದ್ದಷ್ಟನ್ನು ಯಾರಿಗೆ ಮೊದಲು ಕೊಡಬೇಕೆಂದು ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನವೂ, ಅದನ್ನು ಜಾರಿಗೆ ತರುವ ಕೆಲಸವೂ ಸಾರ್ವಜನಿಕ ಸೇವೆಯೇ. ಅದು ಚೆನ್ನಾಗಿ ನಡೆಯಿತೋ ಕೆಟ್ಟಿತೋ ಎಂದು ಅಳೆಯಬಹುದು, ಅಳೆಯಲೂ ಬೇಕು. 2009ರ ಎಚ್1ಎನ್1 ಮತ್ತು 2020ರ ನಂತರದ ಕೋವಿಡ್ ಕಾಲದಲ್ಲಿ ಬಳಕೆಗೆ ಬಂದ ಮುಖ್ಯ ಪದ್ಧತಿಗಳನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಅಳತೆಗೋಲು ಮೂರು. ಎಷ್ಟು ಸಾವು ತಪ್ಪಿತು? ಎಷ್ಟು ಡೋಸ್ ಪೋಲಾಗದೆ ಉಳಿಯಿತು? ಸಿಗದೆ ವಾಪಸಾದವರಿಗೆ ತಮಗೆ ಯಾಕೆ ಸಿಗಲಿಲ್ಲ ಎಂಬುದು ಅರ್ಥವಾಯಿತೇ? ಮೂರನೆಯದಕ್ಕೆ ನಾವು ಹೆಚ್ಚು ತೂಕ ಕೊಟ್ಟಿದ್ದೇವೆ. ಕಾರಣ ಸರಳ. ಕೊರತೆಯ ಕಾಲದಲ್ಲಿ ಈ ಸೇವೆಯನ್ನು ಬಳಸುವವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಹಿಂದಿರುಗುವವರೇ. ಅವರು ನಿಯಮವನ್ನು ಒಪ್ಪದಿದ್ದರೆ ಎಂಥ ಒಳ್ಳೆಯ ಪಟ್ಟಿಯೂ ಎರಡು ವಾರ ನಿಲ್ಲುವುದಿಲ್ಲ.

ಜನ ಏನು ಹೇಳುತ್ತಾರೆ

2021ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ 13 ದೇಶಗಳ 15,000ಕ್ಕೂ ಹೆಚ್ಚು ಜನರಿಗೆ ಇಬ್ಬಿಬ್ಬರು ಕಾಲ್ಪನಿಕ ವ್ಯಕ್ತಿಗಳ ವಿವರ ಕೊಟ್ಟು, ಇವರಲ್ಲಿ ಯಾರಿಗೆ ಮೊದಲು ಲಸಿಕೆ ಕೊಡುತ್ತೀರಿ ಎಂದು ಕೇಳಿತು. ವಯಸ್ಸು, ಉದ್ಯೋಗ, ಆದಾಯ, ಸೋಂಕು ತಗಲುವ ಅಪಾಯ, ಸಾಯುವ ಅಪಾಯ ಇವೆಲ್ಲ ಜೋಡಿಯಿಂದ ಜೋಡಿಗೆ ಬದಲಾಗುತ್ತಿದ್ದವು. ಅಷ್ಟೊಂದು ಭಿನ್ನ ದೇಶಗಳಲ್ಲೂ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು: ಆರೋಗ್ಯ ಸಿಬ್ಬಂದಿಗೆ ಮೊದಲು, ಅಪಾಯ ಹೆಚ್ಚಿರುವವರಿಗೆ ಮೊದಲು, ಮನೆಯಿಂದ ಕೆಲಸ ಮಾಡಲಾಗದ ಅಗತ್ಯ ಸೇವೆಯವರಿಗೆ ಮೊದಲು. ಆದಾಯ ಕಡಿಮೆ ಇದ್ದವರ ಕಡೆಗೂ ಒಲವು ಕಂಡಿತು. ಇದು ಗಮನಿಸಬೇಕಾದ ಮಾತು, ಏಕೆಂದರೆ ಬಹುತೇಕ ಸರ್ಕಾರಿ ಪಟ್ಟಿಗಳಲ್ಲಿ ಆದಾಯದ ಪ್ರಸ್ತಾಪವೇ ಇರಲಿಲ್ಲ.

ಪ್ರಶ್ನಾವಳಿಯಲ್ಲಿ ಗುರುತು ಹಾಕುವುದು ಬೇರೆ, ಒಂದೆಡೆ ಕೂತು ದಿನವಿಡೀ ಚರ್ಚಿಸುವುದು ಬೇರೆ. ಅಮೆರಿಕದಲ್ಲಿ 2005ರಲ್ಲೇ ಫ್ಲೂ ಲಸಿಕೆ ಕಡಿಮೆ ಬಿದ್ದರೆ ಏನು ಮಾಡಬೇಕೆಂದು ನಾಗರಿಕರನ್ನೂ ಸಂಘಸಂಸ್ಥೆಗಳನ್ನೂ ಕೂರಿಸಿ ಕೇಳಲಾಗಿತ್ತು. ಸಮಾಜದ ಅಗತ್ಯ ಸೇವೆಗಳು ನಿಲ್ಲದಂತೆ ನೋಡುವುದನ್ನು ಅವರು ಮೊದಲ ಗುರಿಯಾಗಿಟ್ಟರು. ಸಾವು ಮತ್ತು ಆಸ್ಪತ್ರೆ ದಾಖಲಾತಿ ತಗ್ಗಿಸುವುದು ಎರಡನೆಯದು. ಮೇರಿಲ್ಯಾಂಡ್ ರಾಜ್ಯದಲ್ಲಿ ವೆಂಟಿಲೇಟರ್ ಹಂಚಿಕೆಯ ಬಗ್ಗೆ ನಡೆದ ಸಾರ್ವಜನಿಕ ಚರ್ಚೆಗಳಲ್ಲಿ ಬದುಕುಳಿಯುವ ಸಾಧ್ಯತೆಯೇ ಮುಖ್ಯ ಎಂದು ಹೆಚ್ಚಿನವರು ಹೇಳಿದರು. ಆದರೆ ಅದನ್ನು ತೀರ್ಮಾನಿಸುವವರು ಯಾರು, ಅವರನ್ನು ನಂಬುವುದು ಹೇಗೆ ಎಂಬ ಆತಂಕವೂ ಅದರ ಜೊತೆಗೇ ಬಂತು. ಸಮೀಕ್ಷೆಗಳು ಕೈಬಿಡುವುದು ಇದನ್ನೇ. ಯಾರು ಅರ್ಹರು ಎಂದು ಅವು ಕೇಳುತ್ತವೆ. ನಿಮಗೆ ಸಿಗದೇ ಹೋದರೆ ಯಾವ ವಿವರಣೆಯನ್ನು ಒಪ್ಪುತ್ತೀರಿ ಎಂದು ಕೇಳುವುದಿಲ್ಲ.

ಮೊದಲು ಬಂದವರಿಗೆ ಮೊದಲು

ಅತಿ ಸುಲಭವಾಗಿ ಜಾರಿಗೆ ಬಂದ ಪದ್ಧತಿ ಇದು. ನಮ್ಮ ಪರಿಶೀಲನೆಯಲ್ಲಿ ಅತಿ ಕೆಳಗೆ ನಿಲ್ಲುವುದೂ ಇದೇ. ಸರದಿಯಲ್ಲಿ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ನ್ಯಾಯ. ಆದ್ದರಿಂದ ಘೋಷಣೆಯಾದಾಗ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಶುರುವಾಗುವುದು ಬಳಸಿದ ಮೇಲೆ.

ಆನ್‌ಲೈನ್ ಬುಕಿಂಗ್‌ನಲ್ಲಿ ಸರದಿ ಎಂಬುದು ನಿಜಕ್ಕೂ ಇರುವುದಿಲ್ಲ. ಸ್ಲಾಟ್‌ಗಳು ಯಾವುದೋ ಹೊತ್ತಿನಲ್ಲಿ ತೆರೆದುಕೊಳ್ಳುತ್ತವೆ, ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತವೆ. ಗೆಲ್ಲುವವರು ಮುಂಚೆ ಬಂದವರಲ್ಲ. ವೇಗದ ಇಂಟರ್ನೆಟ್ ಇರುವವರು, ಹಗಲಿಡೀ ಪರದೆಯ ಮುಂದೆ ಕೂರಬಲ್ಲವರು, ಸ್ಲಾಟ್ ತೆರೆದ ಕೂಡಲೇ ಎಚ್ಚರಿಸುವ ಸ್ವಯಂಚಾಲಿತ ಪ್ರೋಗ್ರಾಮ್ ಬರೆಯಬಲ್ಲವರು. ಭಾರತದ ಕೋವಿನ್‌ನಲ್ಲಿ 18ರಿಂದ 44 ವಯಸ್ಸಿನವರ ನೋಂದಣಿ ಶುರುವಾದ 2021ರ ಏಪ್ರಿಲ್ 28ರ ಒಂದೇ ದಿನ ಒಂದು ಕೋಟಿಗೂ ಹೆಚ್ಚು ಜನ ಹೆಸರು ಕೊಟ್ಟರು. ಲಸಿಕೆ ಅದರ ಹತ್ತಿರಕ್ಕೂ ಇರಲಿಲ್ಲ. ಅಮೆರಿಕದ ರಾಜ್ಯಗಳ ಜಾಲತಾಣಗಳು 2021ರ ಜನವರಿಯಲ್ಲಿ ಇದೇ ಕಾರಣಕ್ಕೆ ಕುಸಿದವು. ನಗರದವರು ದೂರದ ಹಳ್ಳಿಯ ಕೇಂದ್ರದಲ್ಲಿ ಸ್ಲಾಟ್ ಹಿಡಿದು ವಾಹನದಲ್ಲಿ ಹೋದರೆ, ಅದೇ ಹಳ್ಳಿಯವರು ತಮ್ಮ ಕೇಂದ್ರದ ಬಾಗಿಲಲ್ಲೇ ಬಾಕಿಯಾಗುತ್ತಾರೆ. ಇಲ್ಲಿ ಯಾರೂ ನಿಯಮ ಮುರಿದಿಲ್ಲ, ಕೆಟ್ಟದ್ದು ನಿಯಮವೇ.

ದುರಸ್ತಿ ಕಷ್ಟವೇನಲ್ಲ. ನೋಂದಣಿಯನ್ನೂ ಸ್ಲಾಟ್ ಹಂಚಿಕೆಯನ್ನೂ ಬೇರ್ಪಡಿಸಬೇಕು. ಒಂದು ವಾರ ನೋಂದಣಿ ತೆರೆದಿಟ್ಟು, ಆ ವಾರದೊಳಗೆ ಯಾವಾಗ ಹೆಸರು ಕೊಟ್ಟರೂ ಒಂದೇ ಎಂದು ಸಾರಬೇಕು. ಆಮೇಲೆ ಆದ್ಯತೆಯ ಗುಂಪಿನೊಳಗೆ ಯಾದೃಚ್ಛಿಕವಾಗಿ ದಿನಾಂಕ ಕೊಟ್ಟು ಸಂದೇಶ ಕಳುಹಿಸಬೇಕು. ಫೋನ್ ಇಲ್ಲದವರ ಹೆಸರನ್ನು ಆರೋಗ್ಯ ಕಾರ್ಯಕರ್ತರು ಕಾಗದದಲ್ಲಿ ಬರೆದುಕೊಂಡು ಅದೇ ಪಟ್ಟಿಗೆ ಸೇರಿಸಬೇಕು. ಕೇಂದ್ರದ ದಾಸ್ತಾನಿನ ಒಂದು ಪಾಲನ್ನು ಆ ಪ್ರದೇಶದ ನಿವಾಸಿಗಳಿಗೆಂದು, ನೇರವಾಗಿ ನಡೆದು ಬರುವವರಿಗೆಂದು ತೆಗೆದಿಡಬೇಕು. ಇಷ್ಟು ಮಾಡಿದರೆ ತಾಣಕ್ಕೆ ಮುಗಿಬೀಳುವುದು ನಿಲ್ಲುತ್ತದೆ, ಏಕೆಂದರೆ ಅವಸರಪಟ್ಟರೆ ಸಿಗುವ ಲಾಭವೇ ಇಲ್ಲವಾಗುತ್ತದೆ.

ವಯಸ್ಸಿನ ಪಟ್ಟಿ

ಬ್ರಿಟನ್ 2020ರ ಡಿಸೆಂಬರ್‌ನಲ್ಲಿ ಬಳಸಿದ್ದು ಇದನ್ನು. ತಜ್ಞರ ಸಮಿತಿ ಒಂಬತ್ತು ಗುಂಪು ಮಾಡಿತು: ಮೊದಲು ವೃದ್ಧರ ಆರೈಕೆ ಕೇಂದ್ರಗಳ ನಿವಾಸಿಗಳು ಮತ್ತು ಅಲ್ಲಿನ ಸಿಬ್ಬಂದಿ, ಎರಡನೆಯದಾಗಿ 80 ದಾಟಿದವರು ಮತ್ತು ಮುಂಚೂಣಿಯ ಆರೋಗ್ಯ ಸಿಬ್ಬಂದಿ, ಅಲ್ಲಿಂದ ಐದೈದು ವರ್ಷದ ಮೆಟ್ಟಿಲಿನಲ್ಲಿ ಇಳಿಯುತ್ತ, ನಡುವೆ ಗಂಭೀರ ಕಾಯಿಲೆಯವರನ್ನು ಸೇರಿಸಿಕೊಂಡು, ಒಂಬತ್ತನೆಯದರಲ್ಲಿ 50 ದಾಟಿದವರು. ತಡೆಯಬಹುದಾದ ಸಾವುಗಳಲ್ಲಿ ಸುಮಾರು 99 ಶೇಕಡಾ ಈ ಒಂಬತ್ತು ಗುಂಪುಗಳಲ್ಲೇ ಇವೆ ಎಂಬುದು ಸಮಿತಿಯ ಅಂದಾಜು.

ಈ ಪಟ್ಟಿಯ ಹಿಂದಿನ ತರ್ಕವನ್ನು ಸಾಮಾನ್ಯರಿಗೂ ಅರ್ಥವಾಗುವಂತೆ ಹೇಳಿದ್ದು ಅಲ್ಲಿನ ವಿಮಾ ಗಣಿತಜ್ಞರ ಒಂದು ಲೆಕ್ಕ. ಒಂದು ಸಾವು ತಪ್ಪಿಸಲು ಎಷ್ಟು ಜನರಿಗೆ ಲಸಿಕೆ ಹಾಕಬೇಕು? ಆರೈಕೆ ಕೇಂದ್ರದ ನಿವಾಸಿಗಳಲ್ಲಿ 20 ಜನರಿಗೆ. 80 ದಾಟಿದವರಲ್ಲಿ 160. 70ರಿಂದ 74ರವರಲ್ಲಿ 600. 50ರಿಂದ 54ರವರಲ್ಲಿ 8,000. ಒಂಬತ್ತು ಗುಂಪುಗಳ ಹೊರಗಿದ್ದವರಲ್ಲಿ 47,000. ಈ ಸಂಖ್ಯೆಗಳನ್ನು ನೋಡಿದ 30ರ ಯುವಕ ತನಗೆ ಯಾಕೆ ಇನ್ನೂ ಕರೆ ಬಂದಿಲ್ಲ ಎಂದು ಕೇಳುವುದಿಲ್ಲ. ನಿಯಮದ ಜೊತೆಗೆ ಅದರ ಲೆಕ್ಕವನ್ನೂ ಜನರ ಮುಂದಿಡುವುದು ಎಂದರೆ ಇದು.

ಜಾರಿಯ ದೃಷ್ಟಿಯಿಂದಲೂ ಜನ್ಮದಿನಾಂಕಕ್ಕೆ ಸಮನಾದದ್ದಿಲ್ಲ. ಬಾಗಿಲಲ್ಲಿ ಕೂತವರು ಗುರುತಿನ ಚೀಟಿ ನೋಡಿ ಕ್ಷಣಾರ್ಧದಲ್ಲಿ ಒಳಗೆ ಬಿಡಬಹುದು. ವೈದ್ಯರ ಪತ್ರ ಬೇಡ, ಮಾಲೀಕರ ಪತ್ರ ಬೇಡ, ವಶೀಲಿಗೆ ಜಾಗವಿಲ್ಲ. ಕುಟುಂಬ ವೈದ್ಯರ ಬಳಿ ನೋಂದಣಿಯಾದ ಪಟ್ಟಿ ಅಲ್ಲಿ ಮೊದಲೇ ಸಿದ್ಧವಿದ್ದದ್ದರಿಂದ ಕೇಂದ್ರವೇ ಜನರನ್ನು ಕರೆಯಿತು. ಜನ ಕೇಂದ್ರವನ್ನು ಹುಡುಕಿಕೊಂಡು ಅಲೆಯಬೇಕಾಗಲಿಲ್ಲ. ಶಿಕ್ಷಕರಿಗೆ, ಪೊಲೀಸರಿಗೆ ಮೊದಲು ಕೊಡಿ ಎಂಬ ಒತ್ತಾಯ ಬಲವಾಗಿದ್ದರೂ 2021ರ ಫೆಬ್ರವರಿ 26ರಂದು ಸಮಿತಿ ಮುಂದಿನ ಹಂತವೂ ವಯಸ್ಸಿನ ಪ್ರಕಾರವೇ ಎಂದಿತು. ಉದ್ಯೋಗದ ಪಟ್ಟಿ ಸೇರಿಸಿದರೆ ವೇಗ ತಗ್ಗುತ್ತದೆ, ವೇಗ ತಗ್ಗಿದರೆ ಆ ಶಿಕ್ಷಕರಿಗೂ ನಷ್ಟ ಎಂಬುದು ಅದರ ವಾದ. ಜನಪ್ರಿಯವಲ್ಲದ, ಆದರೆ ಸರಿಯಾದ ತೀರ್ಮಾನ.

ಕೊರತೆಗಳೂ ಇವೆ, ಸಣ್ಣವಲ್ಲ. ಬಡ ಬಡಾವಣೆಗಳಲ್ಲಿ ಜನ ಬೇಗ ಕಾಯಿಲೆ ಬೀಳುತ್ತಾರೆ, ಬೇಗ ಸಾಯುತ್ತಾರೆ. ಅಲ್ಲಿ 80 ದಾಟಿದವರ ಸಂಖ್ಯೆಯೇ ಕಡಿಮೆ. ಬರೀ ವಯಸ್ಸಿನ ಪಟ್ಟಿ ದೀರ್ಘಾಯುಷಿಗಳಾದ ಅನುಕೂಲಸ್ಥರ ಕಡೆಗೆ ಮೊದಲ ಡೋಸ್‌ಗಳನ್ನು ಹರಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಕೊಟ್ಟ ಹಂಚಿಕೆಯ ಚೌಕಟ್ಟು ಇದಕ್ಕೊಂದು ದಾರಿ ತೋರಿಸಿತ್ತು: ಪ್ರತಿ ಹಂತದೊಳಗೂ ಸಾಮಾಜಿಕವಾಗಿ ದುರ್ಬಲವಾದ ಪ್ರದೇಶಗಳಿಗೆ ಹೆಚ್ಚು ಕಳುಹಿಸಿ, ಅದಕ್ಕೆಂದು 10 ಶೇಕಡಾ ದಾಸ್ತಾನು ತೆಗೆದಿಡಿ. ವಯಸ್ಸಿನ ಸರಳತೆಯನ್ನು ಕೆಡಿಸದೆ ಅನ್ಯಾಯವನ್ನು ತಗ್ಗಿಸುವ ವಿಧಾನ ಇದು. ಬಾಗಿಲಲ್ಲಿ ಕೇಳುವ ಪ್ರಶ್ನೆ ಬದಲಾಗುವುದಿಲ್ಲ. ಯಾವ ಬಾಗಿಲಿಗೆ ಎಷ್ಟು ಸೀಸೆ ಎಂಬುದಷ್ಟೇ ಬದಲಾಗುತ್ತದೆ.

ಇಂಡೋನೇಷ್ಯಾ ಇದಕ್ಕೆ ತೀರಾ ವಿರುದ್ಧ ದಿಕ್ಕು ಹಿಡಿಯಿತು. 2021ರ ಜನವರಿಯಲ್ಲಿ ಆರೋಗ್ಯ ಸಿಬ್ಬಂದಿಯ ಜೊತೆಗೆ 18ರಿಂದ 59ರ ದುಡಿಯುವ ವಯಸ್ಸಿನವರಿಗೆ ಆದ್ಯತೆ ಕೊಟ್ಟಿತು. ಅದರ ಬಳಿಯಿದ್ದ ಲಸಿಕೆಗೆ ಹಿರಿಯರ ಬಗ್ಗೆ ಸಾಕಷ್ಟು ಮಾಹಿತಿ ಆಗ ಇರಲಿಲ್ಲ. ಕೈಯಲ್ಲಿರುವ ಲಸಿಕೆ ಯಾವುದು ಎಂಬುದೂ ಪಟ್ಟಿಯನ್ನು ನಿರ್ಧರಿಸುತ್ತದೆ. ಬ್ರಿಟನ್‌ನಲ್ಲೂ ಹಾಗೇ ಆಯಿತು. ಪಟ್ಟಿಯಲ್ಲಿ ಮೊದಲಿದ್ದದ್ದು ಆರೈಕೆ ಕೇಂದ್ರಗಳು. ಆದರೆ ಫೈಜರ್ ಲಸಿಕೆಯನ್ನು ಮೈನಸ್ 70 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಿತ್ತು. ಬರುತ್ತಿದ್ದದ್ದು 195 ಸೀಸೆಗಳ ತಟ್ಟೆಯಲ್ಲಿ, ಅಂದರೆ ಸೀಸೆಗೆ ಐದರಂತೆ 975 ಡೋಸ್. ಮೂವತ್ತು ಜನರಿರುವ ಕೇಂದ್ರಕ್ಕೆ ಅದನ್ನು ಒಯ್ಯುವುದು ಹೇಗೆ? ಹಾಗಾಗಿ ಡಿಸೆಂಬರ್ 8ರಂದು ಲಸಿಕೆ ಶುರುವಾದದ್ದು ಆಸ್ಪತ್ರೆಗಳಲ್ಲಿ, ಅಲ್ಲಿಗೆ ಬರಬಲ್ಲ 80 ದಾಟಿದವರಿಂದ. ತಟ್ಟೆಯನ್ನು ಬಿಡಿಸಿ ಸಣ್ಣ ಪೊಟ್ಟಣ ಮಾಡುವ ವಿಧಾನ ಸಿದ್ಧವಾದ ಮೇಲೆಯೇ ಆರೈಕೆ ಕೇಂದ್ರಗಳ ಸರದಿ ಬಂದದ್ದು. ಆದ್ಯತಾ ಪಟ್ಟಿ ಬರೆಯುವ ಸಮಿತಿಯಲ್ಲಿ ಶೈತ್ಯ ಸರಪಳಿ, ಅಂದರೆ ಲಸಿಕೆಯನ್ನು ತಂಪು ಕೆಡದಂತೆ ಸಾಗಿಸುವ ವ್ಯವಸ್ಥೆ, ಬಲ್ಲವರು ಒಬ್ಬರಾದರೂ ಇರಬೇಕೆನ್ನುವುದು ಇದಕ್ಕೇ.

2020ರ ಡಿಸೆಂಬರ್ 30ರಂದು ಬ್ರಿಟನ್ ಎರಡನೇ ಡೋಸನ್ನು 12 ವಾರದವರೆಗೆ ಮುಂದೂಡಿತು, ಇನ್ನಷ್ಟು ಜನರಿಗೆ ಮೊದಲ ಡೋಸ್ ತಲುಪಲೆಂದು. ಲೆಕ್ಕ ಸರಿಯಿತ್ತು. ಆದರೆ ಎರಡನೇ ಡೋಸಿಗೆ ದಿನಾಂಕ ಪಡೆದಿದ್ದ ಹಿರಿಯರಿಗೆ ಫೋನ್ ಮಾಡಿ ರದ್ದಾಯಿತೆಂದು ತಿಳಿಸುವ ಹೊಣೆ ಚಿಕಿತ್ಸಾಲಯಗಳ ತಲೆಗೆ ಬಿತ್ತು. ವೈದ್ಯರ ಸಂಘ ಬಹಿರಂಗವಾಗಿ ಪ್ರತಿಭಟಿಸಿತು. ನಿಯಮ ಬದಲಿಸುವಾಗ ಈಗಾಗಲೇ ಕೊಟ್ಟ ಮಾತನ್ನು ಉಳಿಸಿಕೊಂಡು ಮುಂದಿನವರಿಂದ ಬದಲಿಸುವುದು ಮೇಲು. ಅದಕ್ಕೆ ಒಂದಷ್ಟು ಡೋಸ್ ಹೆಚ್ಚು ಖರ್ಚಾಗುತ್ತದೆ, ನಂಬಿಕೆ ಉಳಿಯುತ್ತದೆ.

ಉದ್ಯೋಗ, ಕಾಯಿಲೆ, ಅಂಕಗಳ ಪಟ್ಟಿ

ಜನಾಭಿಪ್ರಾಯಕ್ಕೆ ಹತ್ತಿರವಾದದ್ದು ಈ ಪದ್ಧತಿ, ನಡೆಸಲು ಅತಿ ಕಷ್ಟವಾದದ್ದೂ ಇದೇ. ಅಮೆರಿಕದ ಲಸಿಕೆ ಸಲಹಾ ಸಮಿತಿ 2020ರ ಡಿಸೆಂಬರ್‌ನಲ್ಲಿ ಆರೋಗ್ಯ ಸಿಬ್ಬಂದಿ ಮತ್ತು ಆರೈಕೆ ಕೇಂದ್ರಗಳವರನ್ನು ಮೊದಲಿಟ್ಟು, ನಂತರ 75 ದಾಟಿದವರ ಜೊತೆಗೆ ಮುಂಚೂಣಿಯ ಅಗತ್ಯ ಕಾರ್ಮಿಕರನ್ನು, ಅದರ ನಂತರ 65ರಿಂದ 74ರವರನ್ನು, ಕಾಯಿಲೆಯುಳ್ಳ ಕಿರಿಯರನ್ನು, ಉಳಿದ ಅಗತ್ಯ ಕಾರ್ಮಿಕರನ್ನು ಇಟ್ಟಿತು. ಓದಲು ನ್ಯಾಯವಾಗಿಯೇ ಇದೆ. ಆದರೆ ಅಗತ್ಯ ಕಾರ್ಮಿಕ ಎಂದರೆ ಯಾರು? ಪುರಾವೆ ಏನು? ಪ್ರತಿ ರಾಜ್ಯವೂ ಬೇರೆ ಉತ್ತರ ಕೊಟ್ಟಿತು. ಮುಂದಿನ ಜನವರಿ 12ಕ್ಕೇ ಕೇಂದ್ರ ಸರ್ಕಾರ 65 ದಾಟಿದ ಎಲ್ಲರಿಗೂ ತೆರೆಯಿರಿ ಎಂದು ರಾಜ್ಯಗಳಿಗೆ ಹೇಳಿತು. ಎರಡೇ ದಿನದಲ್ಲಿ ನ್ಯೂಜೆರ್ಸಿ ಧೂಮಪಾನಿಗಳನ್ನೂ ಅರ್ಹರ ಸಾಲಿಗೆ ಸೇರಿಸಿತು. ವೈದ್ಯಕೀಯವಾಗಿ ಅದಕ್ಕೆ ಆಧಾರವಿತ್ತು. ಆದರೂ ಸರದಿಗೆ ಕಾಯುತ್ತಿದ್ದ ಶಿಕ್ಷಕರು ಸಿಟ್ಟಾದರು, ಸಿಟ್ಟಿನಲ್ಲಿ ಅರ್ಥವೂ ಇತ್ತು: ಕಾರಣ ವಿವರಿಸುವ ಮೊದಲೇ ಪಟ್ಟಿ ಬದಲಾಗಿತ್ತು. ಕನೆಕ್ಟಿಕಟ್ ರಾಜ್ಯ ಫೆಬ್ರವರಿ ಕೊನೆಗೆ ಉದ್ಯೋಗ, ಕಾಯಿಲೆಗಳ ಪಟ್ಟಿಯನ್ನು ಬಹುಪಾಲು ಕೈಬಿಟ್ಟು ವಯಸ್ಸಿಗೆ ಮರಳಿತು. ಶಾಲೆಗಳ ಸಿಬ್ಬಂದಿಗೆ ಮಾತ್ರ ವಿನಾಯಿತಿ ಉಳಿಸಿತು.

ಪುರಾವೆಯ ಪ್ರಶ್ನೆಗೆ ಪೂರ್ತಿ ಸರಿಯಾದ ಉತ್ತರವಿಲ್ಲ. ವೈದ್ಯರ ಪತ್ರ ಕಡ್ಡಾಯ ಮಾಡಿದರೆ ವೈದ್ಯರ ಬಳಿ ಹೋಗಲು ಶಕ್ತಿಯಿಲ್ಲದವರು, ಅಂದರೆ ಅಪಾಯ ಹೆಚ್ಚಿರುವವರೇ, ಹೊರಗುಳಿಯುತ್ತಾರೆ. ಸ್ವಯಂ ಘೋಷಣೆ ಸಾಕೆಂದರೆ ಸುಳ್ಳು ಹೇಳಬಲ್ಲವರು ಒಳಗೆ ಬರುತ್ತಾರೆ. ನಮ್ಮ ಮಟ್ಟಿಗೆ ಎರಡನೆಯದು ಕಡಿಮೆ ಕೆಟ್ಟದ್ದು. ಸುಳ್ಳು ಹೇಳಿದವರ ತೋಳಿಗೆ ಹೋದ ಡೋಸ್ ಸಹ ಒಬ್ಬರನ್ನು ರಕ್ಷಿಸುತ್ತದೆ. ಪತ್ರವಿಲ್ಲದೆ ವಾಪಸಾದವರು ಮತ್ತೆ ಬಾರದೆಯೇ ಇರಬಹುದು.

ಪ್ರತಿಯೊಬ್ಬರಿಗೂ ಅಂಕ ಕೊಡುವ ಸೂತ್ರ ಬರೆದು ಕಂಪ್ಯೂಟರಿಗೆ ಒಪ್ಪಿಸುವುದರ ಅಪಾಯ ತಿಳಿಯಲು 2020ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ಆಸ್ಪತ್ರೆಯಲ್ಲಿ ನಡೆದದ್ದನ್ನು ನೋಡಬೇಕು. ಮೊದಲ 5,000 ಡೋಸ್‌ಗಳ ಪಟ್ಟಿಯಲ್ಲಿ 1,300ಕ್ಕೂ ಹೆಚ್ಚು ಕಿರಿಯ ವೈದ್ಯರ ಪೈಕಿ ಏಳೇ ಜನ ಇದ್ದರು. ಸೂತ್ರ ವಯಸ್ಸಿಗೆ ಅಂಕ ಕೊಡುತ್ತಿತ್ತು, ಕೆಲಸ ಮಾಡುವ ವಿಭಾಗಕ್ಕೆ ಅಂಕ ಕೊಡುತ್ತಿತ್ತು. ಕಿರಿಯ ವೈದ್ಯರ ವಯಸ್ಸು ಕಡಿಮೆ, ವಿಭಾಗದಿಂದ ವಿಭಾಗಕ್ಕೆ ತಿರುಗುವುದರಿಂದ ಅವರಿಗೆ ನಿಗದಿತ ಸ್ಥಳವೂ ಇಲ್ಲ. ಕೋವಿಡ್ ವಾರ್ಡಿನಲ್ಲೇ ನಿಂತವರಿಗೆ ಅಂಕ ಬೀಳಲಿಲ್ಲ. ಇದನ್ನು ತಡೆಯುವ ಪರೀಕ್ಷೆ ಒಂದು ಗಂಟೆಯ ಕೆಲಸ: ಸೂತ್ರವನ್ನು ನಿಜವಾದ ಹೆಸರುಗಳ ಪಟ್ಟಿಯ ಮೇಲೆ ಓಡಿಸಿ, ಮೇಲಿನ ನೂರು ಮತ್ತು ಕೆಳಗಿನ ನೂರು ಹೆಸರುಗಳನ್ನು ವಾರ್ಡಿನ ದಾದಿಯರ ಮುಖ್ಯಸ್ಥೆಗೆ ತೋರಿಸಬೇಕು. ತಪ್ಪು ಜಾಗದಲ್ಲಿರುವವರು ಯಾರೆಂದು ಅವರು ಬೆರಳಿಟ್ಟು ತೋರಿಸುತ್ತಾರೆ.

ಸೀಸೆಯ ತಳದಲ್ಲಿ ಉಳಿದದ್ದು

ಹಂಚಿಕೆಯ ಚರ್ಚೆಗಳಲ್ಲಿ ಇದು ಕೊನೆಗೆ ಬರುತ್ತದೆ, ಬಹಳ ಸಲ ಬರುವುದೇ ಇಲ್ಲ. ಆದರೆ ಜನರ ಸಿಟ್ಟು ಸಿಡಿಯುವುದು ಹೆಚ್ಚಾಗಿ ಇಲ್ಲೇ.

ಫೈಜರ್‌ನ ಮೊದಲ ಸೀಸೆಗಳಿಗೆ 1.8 ಮಿಲಿ ಲವಣದ್ರಾವಣ ಬೆರೆಸಿ, ತಲಾ 0.3 ಮಿಲಿ ಎಳೆಯಬೇಕಿತ್ತು. ಲೇಬಲ್ಲಿನಲ್ಲಿ ಐದು ಡೋಸ್ ಎಂದಿದ್ದರೂ, ಸೂಜಿ ಮತ್ತು ಸಿರಿಂಜಿನ ಸಂದಿಯಲ್ಲಿ ದ್ರವ ಉಳಿಯದಂಥ ಸಿರಿಂಜ್ ಬಳಸಿದರೆ ಆರು ಸಿಗುತ್ತಿದ್ದವು. 2021ರ ಜನವರಿಯಲ್ಲಿ ಯುರೋಪ್, ಅಮೆರಿಕ ಎರಡೂ ಆರನೆಯದನ್ನು ಅಧಿಕೃತಗೊಳಿಸಿದವು. ಕಂಪನಿಯೂ ಸೀಸೆಗೆ ಆರರ ಲೆಕ್ಕ ಹಿಡಿಯಿತು. ಅಲ್ಲಿಂದ ಆ ಸಿರಿಂಜ್ ಇಲ್ಲದ ಕೇಂದ್ರಕ್ಕೆ ಪ್ರತಿ ಸೀಸೆಯಲ್ಲೂ ಒಂದು ಡೋಸ್ ಕೊರತೆ. ಎರಡು ಸೀಸೆಗಳ ತಳದಲ್ಲಿ ಉಳಿದದ್ದನ್ನು ಕೂಡಿಸಿ ಒಂದು ಡೋಸ್ ಮಾಡುವಂತಿಲ್ಲ. ಅದರಲ್ಲಿ ಸಂರಕ್ಷಕ ಇಲ್ಲ, ಒಂದರ ಮಾಲಿನ್ಯ ಇನ್ನೊಂದಕ್ಕೆ ಹರಡುತ್ತದೆ. ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು.

ಆದ್ದರಿಂದ ದಿನದ ಕೊನೆಗೆ ನಾಲ್ಕು ಡೋಸ್ ಉಳಿದು, ಗಡುವಿಗೆ ಒಂದು ಗಂಟೆ ಇದ್ದಾಗ ಏನು ಮಾಡಬೇಕೆಂದು ಬೆಳಿಗ್ಗೆಯೇ ತೀರ್ಮಾನವಾಗಿರಬೇಕು. ತೀರ್ಮಾನವಾಗದ ಕಡೆ ಸಿಬ್ಬಂದಿ ತಮ್ಮ ಪರಿಚಿತರಿಗೆ ಫೋನ್ ಮಾಡುತ್ತಾರೆ. ದುರುದ್ದೇಶ ಇರಬೇಕೆಂದಿಲ್ಲ, ಪೋಲಾಗುತ್ತದಲ್ಲ ಎಂಬ ಆತಂಕವೇ ಸಾಕು. ಹೊರಗಿನಿಂದ ನೋಡುವವರಿಗೆ ಅದು ವಶೀಲಿಯಾಗಿಯೇ ಕಾಣುತ್ತದೆ. ಸರಿಯಾದ ಕ್ರಮ ಹೀಗೆ: ಮುಂದಿನ ಗುಂಪಿನವರಲ್ಲಿ ಅರ್ಧ ಗಂಟೆಯೊಳಗೆ ಬರಬಲ್ಲವರ ಪಟ್ಟಿಯನ್ನು ಮೊದಲೇ ಮಾಡಿ, ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ, ಗೋಡೆಗೆ ಅಂಟಿಸಬೇಕು. ಕೊನೆಯ ಎರಡು ಗಂಟೆಯಲ್ಲಿ ಸರದಿಯಲ್ಲಿರುವ ತಲೆ ಎಣಿಸದೆ ಹೊಸ ಸೀಸೆ ಒಡೆಯಬಾರದು. ಕರೆದವರು, ಬಂದವರು, ಬಾರದವರು ಎಂಬ ಮೂರು ಕಾಲಂ ಇರುವ ಪುಸ್ತಕ ಮೇಜಿನ ಮೇಲಿರಬೇಕು.

ಗುಟ್ಟಾಗಿ ಕೊಟ್ಟದ್ದು ಬಯಲಾದಾಗ ಏನಾಗುತ್ತದೆಂದು ಹಲವು ದೇಶಗಳು ಕಂಡಿವೆ. 2009ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಜನ ಗಂಟೆಗಟ್ಟಲೆ ಸರದಿಯಲ್ಲಿದ್ದಾಗ ಕ್ಯಾಲ್ಗರಿಯ ಹಾಕಿ ತಂಡದ ಆಟಗಾರರಿಗೂ ಕುಟುಂಬದವರಿಗೂ ಎಚ್1ಎನ್1 ಲಸಿಕೆ ಪ್ರತ್ಯೇಕವಾಗಿ ಸಿಕ್ಕಿತ್ತು. ಆರೋಗ್ಯ ಇಲಾಖೆಯ ಸಿಬ್ಬಂದಿ ಕೆಲಸ ಕಳೆದುಕೊಂಡರು. 2021ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಆರೋಗ್ಯ ಸಚಿವರು ಇಂಥದ್ದೇ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಪೆರುವಿನಲ್ಲಿ ಮಾಜಿ ಅಧ್ಯಕ್ಷರೂ ಸೇರಿ 487 ಜನ ಗುಟ್ಟಾಗಿ ಲಸಿಕೆ ಪಡೆದದ್ದು ಹೊರಬಿತ್ತು. ದೇಶದ ಜನಸಂಖ್ಯೆಯ ಮುಂದೆ 487 ಏನೂ ಅಲ್ಲ, ಸಾವಿನ ಲೆಕ್ಕದಲ್ಲಿ ಅದು ಕಾಣಿಸುವುದೂ ಇಲ್ಲ. ಜನ ಎಣಿಸಿದ್ದು ಸಂಖ್ಯೆಯನ್ನಲ್ಲ. ನಿಯಮ ತಮಗೊಬ್ಬರಿಗೇ ಅನ್ವಯವೆಂದಾದರೆ ಅದನ್ನು ಪಾಲಿಸಬೇಕಾದ ಕಾರಣವೇ ಹೋಯಿತಲ್ಲ ಎಂದು ಅವರು ಕೇಳಿದರು, ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಔಷಧಕ್ಕೆ ಚೀಟಿ ಎತ್ತುವುದು

ಲಾಟರಿ ಎಂದರೆ ಜನ ಮುಖ ಸಿಂಡರಿಸುತ್ತಾರೆ. ಜೀವದ ವಿಷಯವನ್ನು ಅದೃಷ್ಟಕ್ಕೆ ಬಿಡುವುದೇ ಎಂಬ ಪ್ರಶ್ನೆ ಸಹಜ. ಆದರೆ ಒಂದೇ ಬಗೆಯ ಅಗತ್ಯವಿರುವ ಹತ್ತು ರೋಗಿಗಳಿದ್ದು ನಾಲ್ಕು ಮಂದಿಗಾಗುವಷ್ಟು ಔಷಧ ಇದ್ದರೆ, ಉಳಿದ ಎಲ್ಲ ದಾರಿಗಳೂ ಪರಿಚಯ, ವೇಗ, ಹಣ ಇವುಗಳ ಕಡೆಗೇ ಹೋಗುತ್ತವೆ. 1947ರಲ್ಲಿ ಬ್ರಿಟನ್‌ನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ತೀರಾ ವಿರಳವಾಗಿದ್ದಾಗ 107 ರೋಗಿಗಳಲ್ಲಿ 55 ಜನರಿಗೆ ಯಾದೃಚ್ಛಿಕವಾಗಿ ಕೊಟ್ಟರು. ಔಷಧ ಕೆಲಸ ಮಾಡುತ್ತದೆಂದು ಖಚಿತವಾಗಿ ತಿಳಿದದ್ದೂ ಆ ಹಂಚಿಕೆಯಿಂದಲೇ.

2020ರಲ್ಲಿ ಪಿಟ್ಸ್‌ಬರ್ಗ್‌ನ ಆಸ್ಪತ್ರೆ ಜಾಲವೊಂದು ಕೋವಿಡ್ ಔಷಧವಾದ ರೆಮ್ಡೆಸಿವಿರ್‌ಗೆ ಬಳಸಿದ ತೂಕದ ಲಾಟರಿ ನಾವು ನೋಡಿದ ಪದ್ಧತಿಗಳಲ್ಲೇ ಅತಿ ಎಚ್ಚರಿಕೆಯಿಂದ ಕಟ್ಟಿದ್ದು. ಅರ್ಹರೆಲ್ಲರಿಗೂ ಅವಕಾಶ ಇರುತ್ತದೆ. ಅಗತ್ಯ ಕಾರ್ಮಿಕರಿಗೂ ಹಿಂದುಳಿದ ಪ್ರದೇಶದವರಿಗೂ ಅವಕಾಶ ತುಸು ಹೆಚ್ಚು. ಬೇರೆ ಕಾಯಿಲೆಯಿಂದ ವರ್ಷದೊಳಗೆ ಸಾಯುವ ಸಂಭವ ಇರುವವರಿಗೆ ಕಡಿಮೆ. ಕಡಿಮೆ ಎಂದರೆ ಸೊನ್ನೆಯಲ್ಲ. ಯಾರನ್ನೂ ಪೂರ್ತಿ ಹೊರಗಿಡದೆ ಆದ್ಯತೆಯನ್ನೂ ತೋರಿಸುವುದು ಅಂಕಗಳ ಪಟ್ಟಿಯಿಂದ ಸಾಧ್ಯವಿಲ್ಲ, ಇದರಿಂದ ಸಾಧ್ಯ.

ಲೆಕ್ಕ ಹೀಗೆ ಮಾಡಬಹುದು. ಎರಡು ವಾರಕ್ಕೆ 100 ಅರ್ಹ ರೋಗಿಗಳು ಬರುವ ಅಂದಾಜು, ಇರುವುದು 40 ಜನರಿಗಾಗುವಷ್ಟು ಔಷಧ ಎಂದಿಟ್ಟುಕೊಳ್ಳಿ. ಸಾಮಾನ್ಯರಿಗೆ 4 ಚೀಟಿ, ಅಗತ್ಯ ಕಾರ್ಮಿಕರಿಗೆ 5, ಕಡಿಮೆ ಅವಕಾಶದವರಿಗೆ 2. ಮೊದಲ ಗುಂಪಿನಲ್ಲಿ 60 ಜನ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 10 ಇದ್ದರೆ ಒಟ್ಟು ಚೀಟಿ 240, 150, 20 ಸೇರಿ 410. ನಲವತ್ತನ್ನು 410ರಿಂದ ಭಾಗಿಸಿದರೆ ಒಂದು ಚೀಟಿಯ ಬೆಲೆ 0.0976. ಅಂದರೆ ಸಾಮಾನ್ಯರಿಗೆ 39 ಶೇಕಡಾ ಅವಕಾಶ, ಅಗತ್ಯ ಕಾರ್ಮಿಕರಿಗೆ 49, ಮೂರನೆಯವರಿಗೆ 19.5. ತೂಕ ಹಾಕದಿದ್ದರೆ ಎಲ್ಲರಿಗೂ 40 ಇರುತ್ತಿತ್ತು. ಈ ಕೋಷ್ಟಕವನ್ನು ತೋರಿಸಿದರೆ ಲಾಟರಿಯನ್ನು ವಿರೋಧಿಸಿದವರ ಮುಖ್ಯ ಭಯ, ಅಂದರೆ ತಮಗೆ ಅವಕಾಶವೇ ಇಲ್ಲವೇನೋ ಎಂಬುದು, ಕರಗುತ್ತದೆ.

ರೋಗಿ ದಾಖಲಾದಂತೆ ಆಗಲೇ ಚೀಟಿ ಎಳೆಯಬೇಕು, ದಿನದ ಕೊನೆಯವರೆಗೆ ಕಾಯಿಸಬಾರದು. ಎಳೆಯುವ ಮೊದಲು ಅರ್ಹತೆ ಪೂರ್ತಿ ಪರಿಶೀಲನೆಯಾಗಿರಬೇಕು: ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ, ಲಕ್ಷಣ ಶುರುವಾದ ದಿನ, ಈಗ ನುಂಗುತ್ತಿರುವ ಮಾತ್ರೆಗಳು. ಕೋವಿಡ್ ಚಿಕಿತ್ಸೆಯ ಪ್ಯಾಕ್ಸ್‌ಲೋವಿಡ್‌ನಂಥ ಮಾತ್ರೆಯನ್ನು ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭಿಸಬೇಕು, ಅದರಲ್ಲಿರುವ ರಿಟೊನಾವಿರ್ ಎಂಬ ಅಂಶ ಕೊಲೆಸ್ಟರಾಲ್ ತಗ್ಗಿಸುವ ಸಿಮ್ವಾಸ್ಟಾಟಿನ್‌ನಂಥ ಮಾತ್ರೆಗಳ ಜೊತೆ ಹೊಂದುವುದಿಲ್ಲ. ಚೀಟಿ ಬಂದ ಮೇಲೆ ಇದು ಗೊತ್ತಾದರೆ ಒಬ್ಬರ ಅವಕಾಶವೂ ಹೋಯಿತು, ಒಂದು ದಿನವೂ ಹೋಯಿತು. ಒಬ್ಬರಿಗೆ ಒಂದೇ ಸಲ ಎಳೆಯಬೇಕು. ಚೀಟಿ ಬಾರದವರನ್ನು ನಾಳೆ ಮತ್ತೆ ಸೇರಿಸಿದರೆ ಬೇಗ ದಾಖಲಾದವರಿಗೆ ಅವಕಾಶ ಹೆಚ್ಚಾಗಿ, ಮತ್ತೆ ಮೊದಲು ಬಂದವರಿಗೆ ಮೊದಲು ಎಂಬಲ್ಲಿಗೇ ಬಂದು ನಿಲ್ಲುತ್ತೇವೆ. ಹಾಸಿಗೆಯ ಪಕ್ಕದ ವೈದ್ಯರು ಎಳೆಯಬಾರದು. ಆ ಕೆಲಸ ಔಷಧಾಲಯದ ಇಬ್ಬರದ್ದು, ಇಬ್ಬರ ಸಹಿಯೊಂದಿಗೆ. ಚೀಟಿಯಲ್ಲಿ ಬಂದ ಸಂಖ್ಯೆಯನ್ನೂ ಆ ಹೊತ್ತಿನ ಅವಕಾಶದ ಪ್ರಮಾಣವನ್ನೂ ಬರೆದಿಡಬೇಕು. ಅಂದಾಜಿಗಿಂತ ಹೆಚ್ಚು ರೋಗಿಗಳು ಬಂದರೆ ಎರಡನೇ ವಾರದ ನಡುವೆಯೇ ದಾಸ್ತಾನು ಬರಿದಾಗುತ್ತದೆ. ವಾರಕ್ಕೊಮ್ಮೆ ಪ್ರಮಾಣವನ್ನು ಮರುಲೆಕ್ಕ ಹಾಕಿ, ಬದಲಾದ ಅಂಕಿಯನ್ನು ಪ್ರಕಟಿಸಬೇಕು.

ಲಾಟರಿಗಿಂತ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದೇ ದಾಸ್ತಾನನ್ನು ಇನ್ನೂ ಹೆಚ್ಚು ಜನರಿಗೆ ಹಂಚಬಹುದೇ? ರೆಮ್ಡೆಸಿವಿರ್‌ನ ಮೊದಲ ದಿನದ ಪ್ರಮಾಣ 200 ಮಿಗ್ರಾಂ, ಆಮೇಲೆ ದಿನಕ್ಕೆ 100. ನೂರು ಮಿಗ್ರಾಂ ಸೀಸೆಯಲ್ಲಿ ಐದು ದಿನದ ಚಿಕಿತ್ಸೆಗೆ 6 ಸೀಸೆ, ಹತ್ತು ದಿನಕ್ಕೆ 11. ವೆಂಟಿಲೇಟರ್ ಮೇಲಿಲ್ಲದ ರೋಗಿಗಳಲ್ಲಿ ಎರಡರ ಫಲವೂ ಒಂದೇ ಮಟ್ಟದ್ದೆಂದು 2020ರಲ್ಲೇ ತಿಳಿದಿತ್ತು. 66 ಸೀಸೆಗಳಲ್ಲಿ ಆರು ಜನರ ಬದಲು ಹನ್ನೊಂದು ಜನ. ತೀವ್ರ ಕೋವಿಡ್‌ಗೆ ಕೊಡುವ ಟೊಸಿಲಿಜುಮಾಬ್‌ನ ಪ್ರಮಾಣ ಕಿಲೋ ತೂಕಕ್ಕೆ 8 ಮಿಗ್ರಾಂ, ಸೀಸೆಗಳು 80, 200, 400ರವು. ಹತ್ತಿರದ ಸೀಸೆಗೆ ಹೊಂದಿಸಿ ಪ್ರಮಾಣ ನಿಗದಿಪಡಿಸಿದರೆ ಒಡೆದು ಚೆಲ್ಲುವುದು ತಪ್ಪುತ್ತದೆ.

ಔಷಧದಿಂದ ಸಿಗುವುದು ನಿಜಕ್ಕೂ ಏನು ಎಂಬುದನ್ನೂ ಜನರಿಗೆ ಹೇಳಲೇಬೇಕು. ಇದನ್ನು ಹೇಳದೆ ಆದ ಹಾನಿ ಬಹಳ ದೊಡ್ಡದು. ರೆಮ್ಡೆಸಿವಿರ್ ಚೇತರಿಕೆಯ ಅವಧಿಯನ್ನು 15 ದಿನದಿಂದ 10ಕ್ಕೆ ಇಳಿಸಿತೆಂದು ಅಮೆರಿಕದ ಪ್ರಯೋಗ ತೋರಿಸಿತು. ಸಾವು ತಗ್ಗುತ್ತದೆಂಬುದು ಅದರಲ್ಲಿ ಖಚಿತವಾಗಲಿಲ್ಲ. 2020ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಬಳಸದಿರುವಂತೆ ಸಲಹೆಯನ್ನೂ ಕೊಟ್ಟಿತು. ಆದರೂ ಸಿಕ್ಕರೆ ಬದುಕು, ಸಿಗದಿದ್ದರೆ ಸಾವು ಎಂದು ನಂಬಿದ ಕುಟುಂಬಗಳು ಕಾಳಸಂತೆಯಲ್ಲಿ ಅಲೆದವು. ಅದೇ ಹೊತ್ತಿಗೆ, 2020ರ ಜೂನ್‌ನಿಂದಲೇ, ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಗ್ರಾಂನಂತೆ ಹತ್ತು ದಿನದವರೆಗೆ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಪಾಲು, ಆಮ್ಲಜನಕ ಬೇಕಾದವರಲ್ಲಿ ಐದನೇ ಒಂದು ಪಾಲು ತಗ್ಗುತ್ತದೆಂದು ಗೊತ್ತಿತ್ತು. ಅಗ್ಗದ, ಹಳೆಯ, ಎಲ್ಲೆಡೆ ಸಿಗುವ ಔಷಧ ಅದು. ಚೀಟಿ ಬಾರದವರ ಮನೆಯವರಿಗೆ ಮೊದಲು ಹೇಳಬೇಕಾದ ಮಾತು ಇದು: ಸಾವನ್ನು ತಗ್ಗಿಸುತ್ತದೆಂದು ಖಚಿತವಾಗಿರುವ ಚಿಕಿತ್ಸೆ ನಿಮ್ಮವರಿಗೆ ಸಿಗುತ್ತಲೇ ಇದೆ. ಈ ಮಾತು ಹೇಳುವ ವೈದ್ಯರು ಅವಸರದಲ್ಲಿರಬಾರದು, ಫೋನಿನ ಸಂದೇಶದಲ್ಲಿ ಇದನ್ನು ಕಳುಹಿಸಲೂ ಬಾರದು.

ಮೇಲ್ಮನವಿ

ನಾವು ನೋಡಿದ ಪದ್ಧತಿಗಳಲ್ಲಿ ಅತ್ಯಂತ ದುರ್ಬಲವಾದ ಅಂಗ ಇದು. ಬರುವ ದೂರುಗಳು ಎರಡು ಬಗೆಯವು, ಎರಡನ್ನೂ ಒಂದೇ ಕಿಟಕಿಗೆ ಕಳುಹಿಸಿದರೆ ಎರಡೂ ಕೆಡುತ್ತವೆ. ವಯಸ್ಸು ತಪ್ಪಾಗಿ ನಮೂದಾಗಿದೆ, ಉದ್ಯೋಗ ಬಿಟ್ಟುಹೋಗಿದೆ, ಲಕ್ಷಣದ ದಿನ ತಪ್ಪಿದೆ ಎಂಬವು ವಾಸ್ತವದ ದೂರುಗಳು. ಲಸಿಕೆಯಾದರೆ ಎರಡು ದಿನದಲ್ಲಿ, ಐದು ದಿನದ ಗಡುವಿರುವ ಮಾತ್ರೆಯಾದರೆ ಅದೇ ದಿನ, ದಾಖಲೆ ನೋಡಿ ಸರಿಪಡಿಸಬೇಕು. ಹೀಗೆ ಸರಿಪಡಿಸಿದವರಿಗೆ ಕೊಡಲೆಂದು ನೂರರಲ್ಲಿ ಎರಡು ಮೂರು ಡೋಸ್ ತೆಗೆದಿಡಬೇಕು, ಇಲ್ಲದಿದ್ದರೆ ಮೇಲ್ಮನವಿ ಗೆದ್ದವರಿಗೂ ಸಿಗುವುದು ಕಾಗದ ಮಾತ್ರ.

ನಿಯಮವೇ ಸರಿಯಿಲ್ಲ ಎಂಬುದು ಎರಡನೆಯ ಬಗೆ. ಅದಕ್ಕೆ ಒಬ್ಬರ ಮಟ್ಟದಲ್ಲಿ ವಿನಾಯಿತಿ ಕೊಡಬಾರದು. ಕೊಟ್ಟರೆ ಚೆನ್ನಾಗಿ ವಾದಿಸಬಲ್ಲವರಿಗೆ ಮಾತ್ರ ಸಿಗುತ್ತದೆ. ಅಂಥ ದೂರುಗಳನ್ನು ಒಟ್ಟುಗೂಡಿಸಿ ಎರಡು ವಾರಕ್ಕೊಮ್ಮೆ ನಿಯಮ ರೂಪಿಸಿದ ಸಮಿತಿಯ ಮುಂದಿಡಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದ, ಆಡಳಿತಕ್ಕೂ ಸೇರದ ನಾಗರಿಕರು ಕನಿಷ್ಠ ಮೂರನೇ ಒಂದು ಪಾಲು ಇರಬೇಕು. ಬದಲಾವಣೆ ಆದರೆ ಜಾರಿಯ ದಿನಾಂಕ ಮತ್ತು ಕಾರಣ, ಆಗದಿದ್ದರೆ ಆಗದಿದ್ದ ಕಾರಣ, ಎರಡೂ ಬರಹದಲ್ಲಿ ಹೊರಬರಬೇಕು. ಇದರ ಜೊತೆಗೆ ಪ್ರತಿ ಕೇಂದ್ರವೂ ಸಂಜೆ ನಾಲ್ಕು ಅಂಕಿಗಳನ್ನು ಬಾಗಿಲಿಗೆ ಅಂಟಿಸಲಿ: ಇಂದು ಬಂದದ್ದು, ಕೊಟ್ಟದ್ದು, ಉಳಿದದ್ದು, ಕೆಟ್ಟದ್ದು. ಕೊಟ್ಟದ್ದರ ಪಕ್ಕದಲ್ಲಿ ಯಾವ ಗುಂಪಿಗೆ ಎಷ್ಟು ಎಂಬುದೂ, ದಿನದ ಕೊನೆಯ ಪಟ್ಟಿಯಿಂದ ಎಷ್ಟು ಎಂಬುದೂ ಇರಲಿ.